ಅವರ ಹಾಜರಿ ನಾನು ಹಾಕಿದೆ

ನನ್ನ ಗಂಡನ ಹೆಸರು ರಾಮಲಿಂಗಪ್ಪ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೊಸ್ತಿಲ ಮೇಲೆ ನಿಲ್ಲಿಸಿ ಒಡಪಿನ ಪದದಲ್ಲಿ ಸೇರಿಸಿ ಒಂದು ಸಲ ಹೇಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಇಪ್ಪತ್ತಾರು ವರ್ಷ ನಾನು ‘ನಮ್ಮನಿಯವರು’ ಅಂದೆ, ‘ಶರಣಮ್ಮನ ಅಪ್ಪ’ ಅಂದೆ. ಮದುವೆಯಾದ ಮೇಲೆ ಒಂದೇ ಒಂದು ಸಲ ಆ ಹೆಸರು ನನ್ನ ಬಾಯಲ್ಲಿ ಬಂತು. ಹೋದ ಕಾರ್ತೀಕದಲ್ಲಿ, ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ ಎಂಟು ನಿಮಿಷಕ್ಕೆ. ಹೊತ್ತು ಇಷ್ಟು ಸರಿಯಾಗಿ ಹೇಳಬಲ್ಲೆ, ಯಾಕೆಂದರೆ ಅದು ಫೋನಿನಲ್ಲಿದೆ. ಅವತ್ತೇ ಅವರು ಸತ್ತರು.

ತಾವಾಗಿಯೇ ಜೀವ ಕಳೆದುಕೊಂಡರು. ಹೇಗೆ, ಯಾವ ಜಾಗದಲ್ಲಿ ಅಂತ ಬರೆಯುವುದಿಲ್ಲ. ಕೇಳಿದವರಿಗೂ ಹೇಳಿಲ್ಲ.

ಸುರಪುರ ತಾಲೂಕಿನಿಂದ ನಾವು ಪುಣೆಗೆ ಬಂದದ್ದು ಮದುವೆಯಾದ ವರ್ಷವೇ. ಮೊದಲು ಇಬ್ಬರೂ ಇಟ್ಟಿಗೆ, ಉಸುಕು ಹೊತ್ತೆವು. ಆಮೇಲೆ ಅವರು ಸೆಂಟ್ರಿಂಗ್ ಕಲಿತರು. ಸ್ಲ್ಯಾಬ್ ಹಾಕುವ ಮೊದಲು ಹಲಗೆ, ಕಂಬ ಕಟ್ಟಿ ಮೊಳೆ ಹೊಡೆಯುವ ಕೆಲಸ ಅದು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡಿ ಅವರಿಗೆ ರೂಢಿಯಾಗಿತ್ತು. ಮನೆಯಲ್ಲೂ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಬದನೆಕಾಯಿ ಪಲ್ಯ ಮಾಡಿದರೆ ‘ಹ್ಞೂಂ’ ಅಂತ ಒಂದು, ಮಾಡದಿದ್ದರೂ ಅದೇ ಒಂದು. ಬಾಗಿದ ಮೊಳೆಗಳನ್ನು ತಂದು ರವಿವಾರ ಅಂಗಳದಲ್ಲಿ ಕುಂತು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದರು. ಡಬ್ಬಿಗಟ್ಟಲೆ ಇವೆ. ಈಗಲೂ ಇವೆ.

ಮೈ ಸಣ್ಣದು, ದನಿ ದೊಡ್ಡದು. ಏಳನೇ ಇಯತ್ತೆ ಪಾಸಾಗಿದ್ದರು. ಹಾಗಾಗಿ ಕೂಲಿಯವರ ಮೇಲಿನ ನಮ್ಮ ಮುಕಾದಮ ಮಹೇಶಕುಮಾರ ಬೆಳಗಿನ ಹಾಜರಿ ಕರೆಯುವ ಕೆಲಸ ಅವರಿಗೇ ಕೊಟ್ಟ. ಕೊಂಢವಾದ ಸೈಟಿನಲ್ಲಿ ಎಂಬತ್ತು ಮಂದಿ ಇದ್ದೆವು. ಏಳಕ್ಕೆ ಸರಿಯಾಗಿ ನೀರಿನ ಟಾಕಿಯ ಕಟ್ಟೆ ಹತ್ತಿ ಒಂದೊಂದೇ ಹೆಸರು ಕೂಗುತ್ತಿದ್ದರು. ‘ಹಾಜರ್’ ಅಂದವರ ಹೆಸರಿನ ಮುಂದೆ ಗೆರೆ. ಮಧ್ಯಾಹ್ನ ಬಂದವರಿಗೆ ಅರ್ಧ ಹಾಜರಿ.

ಒಬ್ಬರ ಹಾಜರಿ ಇನ್ನೊಬ್ಬರು ಹಾಕುವುದು ನಮ್ಮಲ್ಲಿ ಇದ್ದದ್ದೇ. ಕೂಸಿಗೆ ಮೈಯಲ್ಲಿ ಸರಿ ಇಲ್ಲ, ನಳಕ್ಕೆ ಪಾಳಿ ಹತ್ತಿದೆ, ತಡವಾಗುತ್ತದೆ. ಪಕ್ಕದಲ್ಲಿ ನಿಂತವಳು ‘ಹಾಜರ್ ಅದಾಳ್ರಿ, ಬರಾಕತ್ತಾಳ’ ಅನ್ನುತ್ತಾಳೆ. ಪಕ್ಕದ ಖೋಲಿಯ ಸೊಲ್ಲಾಪುರದ ಗೋದಾಳ ಹಾಜರಿ ನಾನು ಎಷ್ಟು ಸಲ ಹಾಕಿದ್ದೇನೋ, ನನ್ನದು ಆಕೆ ಎಷ್ಟು ಸಲ ಹಾಕಿದ್ದಾಳೋ. ಕರೆಯುವವರಿಗೂ ಗೊತ್ತಿರುತ್ತದೆ. ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಊರ ಕಡೆಯ ಕಾಶಪ್ಪ ಒಂಬತ್ತನೇ ಮಜಲೆಯಿಂದ ಬಿದ್ದು ಸತ್ತ. ಇವರ ಸಂಗಾತಿ. ಹಲಗೆಯ ಮೇಲೆ ಎತ್ತಿಕೊಂಡು ಹೋದವರಲ್ಲಿ ಇವರೂ ಒಬ್ಬರು. ಮರುದಿನ ಟಾಕಿಯ ಕಟ್ಟೆ ಹತ್ತಿದರು, ಹತ್ತು ಹೆಸರು ಕೂಗಿದರು, ಇಳಿದುಬಿಟ್ಟರು. ಹಾಜರಿ ಪುಸ್ತಕ ಮುಕಾದಮನ ಕೈಯಲ್ಲಿ ಕೊಟ್ಟರು.

“ಯಾಕ್ರಿ?” ಅಂದೆ.

“ಗಂಟಲ ಕೂತದ,” ಅಂದರು.

ಗಂಟಲಿಗೆ ಅರಿಶಿನದ ಹಾಲು ಕೊಟ್ಟೆ. ನಿದ್ದೆ ಬರುವುದಿಲ್ಲ ಅಂದರು, ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿದೆ. ಊಟ ಬಿಟ್ಟರು, ಬೈದೆ. ನನಗೆ ಗೊತ್ತಿದ್ದ ಔಷಧ ಇವು ಮೂರೇ.

ಆಮೇಲೆ ಫೋನ್ ಹಿಡಿದರು. ಹೊತ್ತು ಸಿಕ್ಕಾಗಲೆಲ್ಲ ಟಾಕಿಯ ಹಿಂದೆ ಕುಂತು ಫೋನಿಗೆ ಮಾತಾಡುತ್ತಿದ್ದರು. ಕರೆ ಮಾಡುವುದಲ್ಲ. ಬಾಯಿಗೆ ಹತ್ತಿರ ಹಿಡಿದು ಮಾತಾಡುವುದು, ಬಿಡುವುದು, ಕಿವಿಗೆ ಇಟ್ಟುಕೊಂಡು ಕೇಳುವುದು. ಕೆಲವು ತಿಂಗಳಾದ ಮೇಲೆ ಬೆಳಿಗ್ಗೆ ಏಳಕ್ಕೆ ಮತ್ತೆ ಹೆಸರು ಕರೆಯತೊಡಗಿದರು. ಸೈಟಿನಲ್ಲಲ್ಲ, ಫೋನಿನಲ್ಲಿ. ಅದರಿಂದ ಒಬ್ಬ ಹುಡುಗಿಯ ದನಿ ಬರುತ್ತಿತ್ತು: “ಹಾಜರ್ ಅಂಕಲ್.”

“ಯಾರ ಆಕಿ?” ಅಂತ ಕೇಳಿದೆ.

“ಹರ್ಷಿತಾ ಅಂತ. ಕೋಥರೂಡದಾಗ ಇರ್ತಾಳ. ಕಂಪ್ಯೂಟರ್ ಕೆಲಸ.”

“ಕಂಪ್ಯೂಟರಿನಾಕಿ ನಿಮಗ್ಯಾಕ ಹಾಜರ್ ಅಂತಾಳ? ಉಸುಕು ಹೊರಲಿಕ್ಕ ಬರ್ತಾಳೇನು?”

ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು. “ಹೊರತಾಳ. ಭಾಳ ಹೊರತಾಳ.”

“ಯಾವ ಸೈಟು ಅದು?”

“ಬ್ಯಾರೆ ಸೈಟು. ಹತ್ತು ಮಂದಿ ಅದೀವಿ.”

“ಮಹೇಶಕುಮಾರಗ ಗೊತ್ತದ?”

“ಅವನ ಸೈಟಲ್ಲ ಅದು, ತಿಪ್ಪವ್ವ. ಅಲ್ಲಿ ಮುಕಾದಮ ಇಲ್ಲ.”

ನಾನು ನಂಬಿದೆ. ಕೊಂಢವಾದಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತದೆ. ಯಾವನೋ ಹೊಸ ಕಂತ್ರಾಟುದಾರ ಹಾಜರಿಯ ಕೆಲಸ ಇವರಿಗೆ ಕೊಟ್ಟಿದ್ದಾನೆ ಅಂದುಕೊಂಡೆ. ಆ ಸೈಟಿನ ರೀತಿ ಮಾತ್ರ ಬೇರೆ ಇತ್ತು. ಹಾಜರ್ ಅಂದವರು ಏನು ತಿಂದೆವು ಅಂತಲೂ ಹೇಳಬೇಕು. “ಹಾಜರ್, ಉಪ್ಪಿಟ್ಟು.” “ಹಾಜರ್, ಪಾವ್.” ಆ ಹುಡುಗಿ ಒಂದು ದಿನ “ಹಾಜರ್, ಏನೂ ತಿಂದಿಲ್ಲ” ಅಂದಳು. ಇವರು ಫೋನಿಗೆ ಗದರಿದರು: “ತಿನ್ನದಿದ್ರ ಅರ್ಧ ಹಾಜರಿ. ತಿಂದು ಹೇಳು.” ಭಾರೀ ಕಟ್ಟುನಿಟ್ಟಿನ ಸೈಟು ಅಂದುಕೊಂಡೆ.

ಆ ಸೋಮವಾರ ನನಗೂ ಗೋದಾಳಿಗೂ ಕೆಲಸವಿರಲಿಲ್ಲ. ಅವರು ಆರೂವರೆಗೆ ಎದ್ದು ಹೊರಟರು. ರೊಟ್ಟಿ ಕಟ್ಟಿ ಇಟ್ಟಿದ್ದೆ, ತೆಗೆದುಕೊಳ್ಳಲಿಲ್ಲ. ಫೋನ್ ಗೂಡಿನಲ್ಲೇ ಇತ್ತು. ಮರೆತರು ಅಂದುಕೊಂಡೆ. ಏಳಕ್ಕೆ ಫೋನ್ ಎರಡು ಸಲ ಬಾರಿಸಿತು. ಕೈಯಲ್ಲಿ ಹಿಟ್ಟಿತ್ತು, ತೆಗೆಯಲಿಲ್ಲ. ಆಮೇಲೆ ಟಿಣ್ ಟಿಣ್ ಅಂತ ಒಂದರ ಹಿಂದೆ ಒಂದು ಬಂದವು. ಕೈ ಒರೆಸಿಕೊಂಡು, ಅವರು ಒತ್ತುತ್ತಿದ್ದ ಕಡೆ ಒತ್ತಿದೆ. ಒಬ್ಬ ಗಂಡಸಿನ ದನಿ. ಮೈಸೂರು ಕಡೆಯ ಮಾತು.

“ರಾಮಲಿಂಗಣ್ಣ, ಹಾಜರಾ?”

ಇನ್ನೊಂದು ಒತ್ತಿದೆ. “ಅಣ್ಣಾ, ಎಲ್ಲಾರೂ ಹೇಳಾಯ್ತು. ನಿಮ್ಮದೊಂದೇ ಬಾಕಿ. ಹಾಜರ್ ಅಂತ ಒಂದ್ ಮಾತು ಅನ್ನಿ ಸಾಕು.”

ಅವರ ಹಾಜರಿ ತಪ್ಪುತ್ತದಲ್ಲ ಅನ್ನಿಸಿತು. ಹಾಕಬೇಕೆಂದರೆ ಹೆಸರು ಹೇಳಬೇಕು. ‘ನಮ್ಮನಿಯವರು’ ಅಂದರೆ ಯಾರಿಗೆ ತಿಳಿಯುತ್ತದೆ? ಹೊರಗೆ ಯಾರಾದರೂ ಇದ್ದಾರಾ ಅಂತ ನೋಡಿ, ಸೆರಗು ಬಾಯಿಗೆ ಹಿಡಿದು ಹೇಳಿದೆ: “ರಾಮಲಿಂಗಪ್ಪ ಹಾಜರ್ ಅದಾರ್ರಿ. ರೊಟ್ಟಿ ತಿಂದು ಕೆಲಸಕ್ಕ ಹೋಗ್ಯಾರ.”

ಅವರು ರೊಟ್ಟಿ ತಿಂದಿರಲಿಲ್ಲ. ಪೂರ್ತಿ ಹಾಜರಿ ಬೀಳಲಿ ಅಂತ ತಿಂದಾರ ಅಂದೆ.

ಫೋನಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಏಳೋ ಎಂಟೋ. ಎಷ್ಟು ಮರ್ಯಾದಸ್ಥರು ಅಂದುಕೊಂಡು ರೊಟ್ಟಿ ಬಡಿಯಲು ಕುಂತೆ.

ಹನ್ನೊಂದು ಗಂಟೆಗೆ ಮಹೇಶಕುಮಾರ ಬಂದ. ಬಾಗಿಲಲ್ಲಿ ನಿಂತು ತಲೆಯ ಮೇಲಿನ ಹಳದಿ ಟೊಪ್ಪಿಗೆ ತೆಗೆದ. ಸೈಟಿನಲ್ಲಿ ಅವನು ಅದನ್ನು ತೆಗೆದದ್ದು ನಾನು ಕಾಶಪ್ಪನ ದಿನ ಮಾತ್ರ ನೋಡಿದ್ದೆ. ಅವನು ಹೇಳಿದ. ನಾನು ಕೇಳಿದೆ. ಮತ್ತೊಮ್ಮೆ ಹೇಳಿದ.

“ಇಲ್ರಿ,” ಅಂದೆ. “ಹಾಜರಿ ಹಾಕೀನಿ. ಅವರು ಹಾಜರ್ ಅದಾರ.”

ಅವನು ಪಕ್ಕದಿಂದ ಬಂದು ನಿಂತಿದ್ದ ಗೋದಾಳ ಮುಖ ನೋಡಿದ. ಗೋದಾ ನನ್ನನ್ನು ಹಿಡಿದುಕೊಂಡಳು. ನಾನು ಅದೇ ಮಾತು ಮಧ್ಯಾಹ್ನದವರೆಗೂ ಹೇಳುತ್ತಿದ್ದೆ ಅಂತ ಆಮೇಲೆ ಆಕೆಯೇ ಹೇಳಿದ್ದು.

ಮಗಳು ಶರಣಮ್ಮ ಶಹಾಪುರದಿಂದ ಬಂದಳು. ಮಣ್ಣು ಮಾಡಿದೆವು. ಫೋನ್ ಆರಿಹೋಗಿತ್ತು. ಟ್ರಂಕಿನಲ್ಲಿ ಹಾಕಿದೆ.

ಐದನೇ ದಿನ ಹೊರಗೆ ಗೋದಾಳ ದನಿ ಕೇಳಿತು. “ಅಗಂ ತಿಪ್ಪಾ, ಬೂಟು ಹಾಕ್ಕೊಂಡ ಪೋರಿ ಬಂದಾಳ ನೋಡ. ಕೊರಳಾಗ ಆಫೀಸಿನ ಪಟ್ಟಿ ಅದ. ಸಂಗಡ ಒಬ್ಬ ಬಾಬಾ ಅದಾನ.”

ಹುಡುಗಿ ಬಾಗಿಲಿಗೆ ಬಂದಳು. ಸಣಕಲು. ಇಪ್ಪತ್ತೈದೋ ಆರೋ ಇರಬೇಕು. “ಆಂಟಿ, ನಾನು ಹರ್ಷಿತಾ,” ಅಂದಳು.

ನನಗೆ ಮೈಯೆಲ್ಲ ಉರಿಯಿತು. “ನೀ ಏನು ಆಕಿ? ಹಾಜರಿ ಹಾಕ್ಲಿಕ್ಕ ಬಂದೀ? ತಡ ಆತು ನಿನಗ.”

ಅವಳಿಗೆ ತಿಳಿಯಲಿಲ್ಲ. “ಅಂಕಲ್ ಎಲ್ಲಿ ಆಂಟಿ? ಮಂಗಳವಾರದಿಂದ ಫೋನ್ ಆಫ್ ಇದೆ. ಸೈಟ್ ಹತ್ರ ಕೇಳಿದ್ರೆ ಈ ಮನೆ ತೋರಿಸಿದ್ರು, ಯಾರೂ ಏನೂ ಹೇಳ್ಲಿಲ್ಲ.”

ನಾನು ಗೋಡೆ ತೋರಿಸಿದೆ. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದ್ದೆವು. ಹುಡುಗಿ ಹೊಸ್ತಿಲ ಮೇಲೆ ಕುಂತುಬಿಟ್ಟಳು. ಹಿಂದೆ ನಿಂತಿದ್ದ ದಪ್ಪ ಮನುಷ್ಯ ಪತ್ರಾದ, ತಗಡಿನ ಗೋಡೆ ಹಿಡಿದುಕೊಂಡ. ಗೋಡೆ ಸದ್ದು ಮಾಡಿತು.

“ಯಾವತ್ತು?” ಅಂದ.

“ಸೋಮವಾರ.”

“ಇಲ್ಲ ಆಂಟಿ,” ಅಂದಳು ಹರ್ಷಿತಾ. “ಸೋಮವಾರ ಹಾಜರಿ ಬಂದಿದೆ. ಇಲ್ಲಿದೆ. ನೋಡಿ.” ತನ್ನ ಫೋನ್ ತೆಗೆದು ಒತ್ತಿದಳು. ಒಬ್ಬ ಹೆಂಗಸು ಮಾತಾಡಿದಳು. ರಾಮಲಿಂಗಪ್ಪ ಹಾಜರ್ ಅದಾರ್ರಿ. ರೊಟ್ಟಿ ತಿಂದು ಕೆಲಸಕ್ಕ ಹೋಗ್ಯಾರ.

“ಈಕಿ ಯಾರು?” ಅಂತ ಕೇಳಿದೆ.

“ನೀವೇ ಅಲ್ವಾ ಆಂಟಿ?”

ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಹಗುರ ದನಿ. ಯಾವ ಚಿಂತೆಯೂ ಇಲ್ಲದ ಹೆಂಗಸಿನ ದನಿ.

ದಪ್ಪ ಮನುಷ್ಯ ಚಲುವರಾಜು. ಕೊಳ್ಳೇಗಾಲದ ಕಡೆಯವರು, ಐವತ್ತು ದಾಟಿದೆ. ದೇಹೂ ರೋಡಿನಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುವ ಅಂಗಡಿ. ಹೆಂಡತಿ ಬಿಟ್ಟು ಹೋಗಿ ಆರು ವರ್ಷ. ಸೋಮವಾರ ಫೋನಿನಲ್ಲಿ ಕೇಳಿದ್ದು ಅವರ ದನಿಯೇ. ಅವರು ನಿಂತುಕೊಂಡೇ ಹೇಳಿದರು.

“ಭಾನುವಾರ ಸಂಜೆ ಆರು ಗಂಟೆಗೆ ಅಣ್ಣ ಗುಂಪಿಗೆ ಹೇಳಿದ್ರು, ನಾಳೆ ಹಾಜರಿ ಯಾರಾದ್ರೂ ಕರೀರಿ, ನನಗೆ ದನಿ ಇಲ್ಲ ಅಂತ. ನಮಗೆಲ್ಲ ಹೆದರಿಕೆ ಆಯ್ತು. ನಾನು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಸೋಮವಾರ ಇಬ್ರೂ ಡಾಕ್ಟರ ಹತ್ರ ಹೋಗೋಣ ಅಂದೆ. ಆಯ್ತು ಅಂದ್ರು. ಬೆಳಿಗ್ಗೆ ಬೇಗನೇ ಬೈಕ್ ಹತ್ತಿದೆ. ಸ್ವಾರಗೇಟ್ ತನಕ ಬಂದಿದ್ದೆ ಅಕ್ಕ. ಅಲ್ಲೇ ನಿಂತು ಹಾಜರಿ ಕರೆದೆ. ನಿಮ್ಮ ದನಿ ಬಂತು. ತಿಂದವ್ರೆ, ಕೆಲಸಕ್ಕೆ ಹೋಗವ್ರೆ ಅಂತ. ಎದೆ ಹಗುರ ಆಯ್ತು. ಗಾಡಿ ತಿರುಗಿಸಿದೆ.”

ಸ್ವಾರಗೇಟಿನಿಂದ ನಮ್ಮ ಖೋಲಿಗೆ ಬೈಕಿನಲ್ಲಿ ಅರ್ಧ ಗಂಟೆ. ನಮ್ಮವರು ಅವತ್ತು ಒಂಬತ್ತರವರೆಗೆ, ಕಾಶಪ್ಪ ಬಿದ್ದಿದ್ದ ಹಳೇ ಸೈಟಿನ ಎದುರಿನ ಚಹಾದ ಗಾಡಿಯಲ್ಲಿ ಕುಂತಿದ್ದರು. ಚಹಾದವನೇ ಹೇಳಿದ್ದ, ಎರಡು ಚಹಾ ಕುಡಿದರು, ರಸ್ತೆ ನೋಡುತ್ತಾ ಇದ್ದರು ಅಂತ. ಇದನ್ನು ನಾನು ಚಲುವರಾಜು ಅವರಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ನಡೆದುಹೋದರು. ಹುಡುಗಿ ಚಪ್ಪಲಿ ಹಿಡಿದು ಹಿಂದೆ ಓಡಿದಳು.

ಮರುದಿನ ಅವಳು ಒಬ್ಬಳೇ ಬಂದಳು. ಅಂಕಲ್ ಮಾತು ಕೇಳುತ್ತೀರಾ ಅಂದಳು. ಟ್ರಂಕಿನಿಂದ ಫೋನ್ ತೆಗೆದು ಚಾರ್ಜಿಗೆ ಹಾಕಿದಳು. ಅವರ ಸೈಟು ಯಾವುದು ಅಂತ ಅವತ್ತು ನನಗೆ ತಿಳಿಯಿತು.

ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಯಾರೋ ಮಾತಾಡಿದ ವಿಡಿಯೋ ಒಂದಿತ್ತಂತೆ. ಅದರ ಕೆಳಗೆ ಜನ ಬರೆಯುತ್ತಿದ್ದರು. ಬದುಕುವುದು ಸಾಕಾಗಿದೆ ಅಂತ ಒಬ್ಬರು, ನನಗೂ ಅಂತ ಇನ್ನೊಬ್ಬರು. ಒಬ್ಬರಿಗೊಬ್ಬರು ಗುರುತಿಲ್ಲ. ಮನೆಯಲ್ಲಿ ಹೇಳಲಾಗದ್ದನ್ನು ಗುರುತಿಲ್ಲದವರಿಗೆ ಹೇಳುತ್ತಿದ್ದರು. ಹರ್ಷಿತಾ ಅಲ್ಲಿ ಬರೆದಿದ್ದಳು. ಕೈತುಂಬ ಕೆಲಸ, ಅಪ್ಪ ಅಮ್ಮ ಹಾಸನದಲ್ಲಿ ಚೆನ್ನಾಗಿದ್ದಾರೆ, ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ಪುಣೆಯಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದ್ದಳು. ಅದರ ಕೆಳಗೆ ನಮ್ಮವರು ಒಂದೇ ಬೆರಳಲ್ಲಿ ಒತ್ತಿ ಎರಡು ಅಕ್ಷರ ಬರೆದಿದ್ದರು: ನಾನೂ.

ಹೀಗೆ ಹತ್ತು ಮಂದಿಯ ಗುಂಪಾಯಿತು. ಗುಂಪಿನ ತಲೆಯ ಮೇಲೆ ಹರ್ಷಿತಾ ಸರಕಾರದ ಸಹಾಯದ ನಂಬರ್ ಹಾಕಿದ್ದಳು, 14416. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಹಾಜರಿ ತಂದದ್ದು ನಮ್ಮವರು. ದಿನಾ ಬೆಳಿಗ್ಗೆ ಎಲ್ಲರೂ ಇದ್ದಾರಾ ಅಂತ ನೋಡಬೇಕಲ್ಲ, ನನಗೆ ಬರುವುದು ಇದೊಂದೇ ಕೆಲಸ ಅಂದಿದ್ದರಂತೆ.

ಎಂಟು ತಿಂಗಳ ಮಾತು ಇತ್ತು. ಮೂರು ದಿನ ಕೇಳಿದೆ. ಮನೆಯಲ್ಲಿ ಹ್ಞೂಂ ಅನ್ನುತ್ತಿದ್ದ ಮನುಷ್ಯ ಅಲ್ಲಿ ಹತ್ತು ಹತ್ತು ನಿಮಿಷ ಮಾತಾಡಿದ್ದರು. ನಡುವೆ ಒಂದು ಹೀಗಿತ್ತು. ಬರೆದುಕೊಂಡಿದ್ದೇನೆ.

“ಕಾಶಪ್ಪಗ ಜ್ವರ ಇತ್ತು. ಇವತ್ತ ಬರಂಗಿಲ್ಲ ಅಂತ ಫೋನ್ ಮಾಡಿದ. ನಾ ಅಂದೆ, ನಿನ್ನ ಹಾಜರಿ ಹಾಕೇಬಿಟ್ಟೀನಿ ಮಾರಾಯ, ಮುಕಾದಮ ಎಣಸ್ತಾನ, ಬಂದು ಸುಮ್ಮ ನಿಂದ್ರು ಅಂದೆ. ಬಂದ. ಸುಮ್ಮ ನಿಂದ್ರಲಿಲ್ಲ, ಮ್ಯಾಲ ಹತ್ತಿದ. ನಮ್ಮನಿಯಾಕಿಗೆ ಇದು ಹೇಳಿಲ್ಲ. ಹೇಳಿದ್ರ ಆಕಿ ನನ್ನ ಮುಖ ನೋಡ್ತಾಳ, ಅದು ನನಗ ಆಗಂಗಿಲ್ಲ. ಒಂದ್ ಮಾತು. ಈ ಗುಂಪಿನ್ಯಾಗ ಒಬ್ಬರ ಹಾಜರಿ ಇನ್ನೊಬ್ಬರು ಹಾಕಬಾರದು. ಯಾರದು ಅವರೇ ಹೇಳಬೇಕು. ಅವರ ದನೀನೇ ಬರಬೇಕು.”

ನಾನು ಫೋನ್ ಕೆಳಗಿಟ್ಟೆ. ಹರ್ಷಿತಾ ನನ್ನ ಕೈ ಹಿಡಿಯಲು ಬಂದಳು, ಕೊಸರಿಕೊಂಡೆ. ಒಂದೇ ಮಾತಿನಲ್ಲಿ ಕಾಶಪ್ಪ ಮೇಲೆ ಹೋದ. ಒಂದೇ ಮಾತಿನಲ್ಲಿ ಚಲುವರಾಜು ತಿರುಗಿ ಹೋದರು. ಮೊದಲನೆಯದು ನಮ್ಮವರು ಆಡಿದ್ದು, ಎರಡನೆಯದು ನಾನು. ಇಬ್ಬರೂ ಒಳ್ಳೆಯದಾಗಲಿ ಅಂತಲೇ ಆಡಿದೆವು.

“ಆಂಟಿ, ರೂಲ್ ನಿಮಗೆ ಗೊತ್ತಿರ್ಲಿಲ್ಲ. ನಮಗೆ ಗೊತ್ತಿತ್ತು,” ಅಂದಳು ಹುಡುಗಿ. “ಬೇರೆಯವರ ದನಿ ಬಂದಾಗ ನಾವೇ ಕೇಳ್ಬೇಕಿತ್ತು. ಎಲ್ಲಾರೂ ಕೈಮುಗಿದು ಸುಮ್ಮನಾದ್ವಿ. ಚಲುವರಾಜು ಅಂಕಲ್ ಅದನ್ನೇ ಹಿಡ್ಕೊಂಡಿದಾರೆ.”

ಇದಾಗಿ ಹನ್ನೆರಡು ದಿನಕ್ಕೆ ಅವಳ ಫೋನ್ ಬಂತು. ಚಲುವರಾಜು ಮೂರು ದಿನದಿಂದ ಹಾಜರಿ ಹೇಳುತ್ತಿಲ್ಲ. ಕರೆ ಮಾಡಿದರೆ ತೆಗೆಯುವುದಿಲ್ಲ. ಇವತ್ತು ಪಕ್ಕದ ಅಂಗಡಿಯವನು ಫೋನ್ ಎತ್ತಿದನಂತೆ.

“‘ಮಾಸ್ಟರ್ ಚೆನ್ನಾಗವ್ರೆ, ಕೆಲಸದಲ್ಲವ್ರೆ’ ಅಂತ ಅವನು ಹಿಂದೀಲಿ ಹೇಳಿದ ಆಂಟಿ.”

“ಮಾಸ್ಟರ್ ಮಾತಾಡಿದ್ರೇನು?”

“ಇಲ್ಲ.”

“ಹಂಗಾದ್ರ ಅದು ಹಾಜರಿ ಅಲ್ಲ.”

“ನನಗೂ ಹಾಗೇ ಅನಿಸ್ತು. ಪಕ್ಕದವನಿಗೆ ಹೇಳಿದೀನಿ, ನಾನು ಬರೋವರೆಗೂ ಅವರನ್ನ ಒಬ್ಬರನ್ನೇ ಬಿಡಬೇಡಿ ಅಂತ. ಹೊರಡ್ತಿದೀನಿ, ಆದ್ರೆ ನಾನು ಹಿಂಜವಾಡಿ ಆಫೀಸಲ್ಲಿದೀನಿ, ಮಧ್ಯೆ ಡಾಕ್ಟರ ಹತ್ರ ಚೀಟಿ ಮಾಡಿಸ್ಕೊಂಡು ಬರ್ತೀನಿ.”

ಗಂಡ ಸತ್ತು ತಿಂಗಳಾಗಿರಲಿಲ್ಲ. ಗೋದಾ ಬಾಗಿಲಿಗೆ ಅಡ್ಡ ನಿಂತಳು. “ಎಲ್ಲಿ ಹೊಂಟಿ? ಮಂದಿ ಏನಂದಾರು?”

“ಮಂದಿ ಹಾಜರಿ ನೀ ಹಾಕು,” ಅಂದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ.

ಬಸ್ಸಿನ ಮರಾಠಿ ಬೋರ್ಡು ನನಗೆ ಓದಲು ಬರುವುದಿಲ್ಲ. ‘ದಾದಾ, ಹೀ ಕುಠೇ ಜಾತೇ’, ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಂಡು ಹೋದೆ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಬೇಕು. ಇಳಿದು ಎರಡು ನಿಮಿಷ ನಿಂತೆ. ಇಲ್ಲೇ ಎಲ್ಲೋ ಚಲುವರಾಜು ಬೈಕ್ ನಿಲ್ಲಿಸಿ ಹಾಜರಿ ಕರೆದದ್ದು. ಎಷ್ಟು ಗದ್ದಲ ಅಲ್ಲಿ. ಇಷ್ಟು ಗದ್ದಲದಲ್ಲೂ ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿತ್ತು. ಆಮೇಲೆ ನಿಗಡಿ, ಅಲ್ಲಿಂದ ದೇಹೂ ರೋಡು. ಮೂರು ಬಸ್ಸು. ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಪಕ್ಕದವನು ಸ್ಟೂಲು ಹಾಕಿಕೊಂಡು ಅದರ ಮುಂದೆ ಕುಂತಿದ್ದ. ನಾನು ಬಗ್ಗಿ ಒಳಗೆ ಹೋದೆ. ಚಲುವರಾಜು ಮಷೀನಿನ ಮುಂದೆ ಕುಂತಿದ್ದರು. ಒಂದೇ ತೋಳಿನ ಹಸಿರು ಅಂಗಿ ಮಷೀನಿನ ಮೇಲಿತ್ತು. ಗಡ್ಡ ಬಂದಿತ್ತು.

“ನೀವ್ಯಾಕ್ ಬಂದ್ರಿ ಅಕ್ಕ, ಇಷ್ಟು ದೂರ?”

“ಹಾಜರಿ ತಗೊಳ್ಳಿಕ್ಕ.”

“ಇದೀನಲ್ಲ. ಕಾಣ್ತಿಲ್ವಾ?”

“ಏನ್ ತಿಂದೀರಿ?”

ಅವರು ಸೂಜಿಗೆ ದಾರ ಪೋಣಿಸತೊಡಗಿದರು.

“ಅರ್ಧ ಹಾಜರಿ,” ಅಂದೆ.

ಅವರಿಗೆ ನಗು ಬಂತು. ನಗುತ್ತಲೇ ಆ ಒಂದು ತೋಳಿನ ಅಂಗಿಯಲ್ಲಿ ಮುಖ ಮುಚ್ಚಿಕೊಂಡರು. ನಾನು ಗಂಟು ಬಿಚ್ಚಿ ರೊಟ್ಟಿ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

“ನಾನು ಸ್ವಾರಗೇಟಲ್ಲಿ ತಿರುಗಿದೆ ಅಂತ ನಿಮಗೆ ಹೇಳಬಾರದಿತ್ತು,” ಅಂದರು.

“ಚಹಾದ ಗಾಡಿ ಮಾತು ನಾನೂ ನಿಮಗ ಹೇಳಬಾರದಿತ್ತು.”

“ನನ್ನ ಮೇಲೆ ಸಿಟ್ಟಿಲ್ವಾ ನಿಮಗೆ?”

“ಅದ. ನನ್ನ ಮ್ಯಾಲೂ ಅದ. ಅವರ ಮ್ಯಾಲೂ ಅದ, ಭಾಳ ಅದ. ಮೂರು ಮಂದಿಗೆ ಹಂಚಿದ್ರ ಒಬ್ಬೊಬ್ಬರ ಪಾಲಿಗೆ ಕಮ್ಮಿ ಬರ್ತದ. ನೀವು ಎಲ್ಲಾನೂ ಒಬ್ಬರೇ ಹೊತಗೊಂಡು ಕುಂತ್ರ ನನಗೇನು ಉಳೀತದ?”

ಅವರು ಮಷೀನಿನ ಚಕ್ರ ಹಿಂದೆ ಮುಂದೆ ತಿರುಗಿಸುತ್ತಿದ್ದರು. ನಮ್ಮವರನ್ನು ಒಂದು ದಿನವೂ ಕೇಳದಿದ್ದ ಮಾತು ಇವರನ್ನು ಕೇಳಿದೆ. ನೆಟ್ಟಗೆ ಕೇಳಿದೆ.

“ಸಾಯೋ ವಿಚಾರ ಅದ ಏನು?”

ಚಕ್ರ ನಿಂತಿತು. “ಇದೆ,” ಅಂದರು.

“ಇವತ್ತೇನು?”

“ಗೊತ್ತಿಲ್ಲ ಅಕ್ಕ. ನಿಜವಾಗ್ಲೂ ಗೊತ್ತಿಲ್ಲ.”

ಕೇಳಿದರೆ ಇಷ್ಟು ಬೇಗ ಹೇಳಿಬಿಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ವರ್ಷ ನಾನು ಗಂಟಲಿಗೆ ಅರಿಶಿನದ ಹಾಲು ಕೊಟ್ಟಿದ್ದೆ.

“ಹಂಗಾದ್ರ ನಾ ಏಳಂಗಿಲ್ಲ,” ಅಂದೆ. ಬಟ್ಟೆಯ ಗಂಟಿನ ಮೇಲೆ ಕುಂತೆ. “ಆ ಹುಡುಗಿ ಬರ್ತಾಳ. ಡಾಕ್ಟರ ಚೀಟಿ ತರ್ತಾಳ. ಮೂವರೂ ಹೋಗೂಣು. ಅಲ್ಲೀ ಮಟ ಆ ಇನ್ನೊಂದು ತೋಳು ಹಚ್ಚರಿ, ಇಲ್ಲಾ ರೊಟ್ಟಿ ತಿನ್ನರಿ. ಎರಡರಾಗ ಒಂದು.”

ಅವರು ಅಂಗಿ ಪಕ್ಕಕ್ಕೆ ಸರಿಸಿ ರೊಟ್ಟಿ ಮುರಿದರು. “ಚಟ್ನಿ ಖಾರ,” ಅಂದರು.

“ನಮ್ಮನಿಯವರೂ ಹಂಗೇ ಅಂತಿದ್ರು,” ಅಂದೆ. ಅದು ಸುಳ್ಳು. ನಮ್ಮನಿಯವರು ಹ್ಞೂಂ ಅನ್ನುತ್ತಿದ್ದರು.

ನಾಲ್ಕು ಗಂಟೆಗೆ ಹರ್ಷಿತಾ ಬಂದಳು. ಸರಕಾರಿ ದವಾಖಾನೆಗೆ ಹೋದೆವು. ಹೆಣ್ಣು ಡಾಕ್ಟರು. ಚಲುವರಾಜು ಅವರನ್ನು ಒಳಗೆ ಕೂಡಿಸಿಕೊಂಡು ಒಂದು ತಾಸು ಮಾತಾಡಿದರು. ಹದಿನೈದು ದಿನ ಅಲ್ಲೇ ಇಟ್ಟುಕೊಂಡರು. ಆಮೇಲೆ ಗುಳಿಗೆ, ವಾರಕ್ಕೊಮ್ಮೆ ಭೇಟಿ. ಹರ್ಷಿತಾಳೂ ಈಗ ಅದೇ ಡಾಕ್ಟರ ಹತ್ತಿರ ಹೋಗುತ್ತಾಳೆ. ನನ್ನನ್ನೂ ಕೂಡಿಸಿ ಮಾತಾಡಿದರು. ಒಬ್ಬ ಮನುಷ್ಯ ಹೀಗೆ ಹೋಗುವುದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ, ನಿಮ್ಮ ಆ ಒಂದು ಮಾತಿನಿಂದ ಆದದ್ದಲ್ಲ ಇದು, ಕಾಯಿಲೆಯಿಂದ ಆದದ್ದು ಅಂದರು. ಕೇಳಿದೆ. ತಲೆಯಾಡಿಸಿದೆ. ಒಪ್ಪಿದ್ದೇನೋ ಇಲ್ಲವೋ ನನಗೆ ತಿಳಿಯದು. ಒಂದೊಂದು ದಿನ ಒಪ್ಪುತ್ತೇನೆ.

ಆ ಏಳು ಗಂಟೆ ಎಂಟು ನಿಮಿಷದ್ದು ಫೋನಿನಲ್ಲಿ ಹಾಗೇ ಇದೆ. ಅಳಿಸಲಾ ಆಂಟಿ ಅಂತ ಹರ್ಷಿತಾ ಕೇಳಿದಳು. ಬೇಡ ಅಂದೆ. ಅವರ ಹೆಸರು ನನ್ನ ದನಿಯಲ್ಲಿ ಇರುವುದು ಅದೊಂದೇ ಕಡೆ.

ಗುಂಪಿನಲ್ಲಿ ಈಗ ನನ್ನ ಹೆಸರೂ ಇದೆ. ಹಾಜರಿ ಕರೆಯುವುದು ಚಲುವರಾಜು. ನಮ್ಮವರಷ್ಟು ದೊಡ್ಡ ದನಿ ಅಲ್ಲ, ಆದರೆ ಬಿಡದೆ ಕರೆಯುತ್ತಾರೆ. ಹೋದ ವಾರ ಹಾಜರಿಯ ಹೊತ್ತಿಗೆ ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಫೋನ್ ಗೂಡಿನಲ್ಲಿತ್ತು. ಗೋದಾ ಮನೆಯಲ್ಲಿದ್ದಳು. ಒಂದು ಸಲ ಟಿಣ್ ಅಂದಿತು, ಎರಡು ಸಲ, ಮೂರು ಸಲ. ಆಕೆ ಒತ್ತಿದಳು.

“ತಿಪ್ಪವ್ವಕ್ಕ, ಹಾಜರಾ? ನಿಮ್ಮದೊಂದೇ ಬಾಕಿ.”

“ಅಗಂ, ನಾ ಹೇಳ್ತೀನಿ ತಗೋ,” ಅಂತ ಗೋದಾ ಕೂಗಿದಳು. “ತಿಪ್ಪವ್ವ ಹಾಜರ್ ಅದಾಳ…”

ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಕಣ್ಣಲ್ಲಿ ಶೀಗೇಕಾಯಿ, ಮೈಮೇಲೆ ಹಸಿ ಸೀರೆ. ಅವಳ ಕೈಯಿಂದ ಫೋನ್ ಕಿತ್ತುಕೊಂಡೆ. ಅವಳ ಬಳೆ ಒಡೆದವು. ಫೋನಿನಿಂದ ಮತ್ತೆ ದನಿ ಬಂತು.

“ಯಾರದು ಮಾತಾಡಿದ್ದು? ತಿಪ್ಪವ್ವಕ್ಕ ಅಲ್ಲ ಅದು. ಅಕ್ಕ, ನೀವೇ ಮಾತಾಡಿ. ಮಾತಾಡದಿದ್ರೆ ನಾನು ಹೊರಟೆ, ಗಾಡಿ ಕೀಲಿ ಕೈಲಿದೆ.”

ತಲೆಯಿಂದ ನೀರು ಇಳಿದು ಫೋನಿನ ಮೇಲೆ ಬೀಳುತ್ತಿತ್ತು. ಒರೆಸಿ, ಒತ್ತಿ ಹಿಡಿದು, ಹೇಳಿದೆ.

“ಹಾಜರ್. ಇನ್ನಾ ಏನೂ ತಿಂದಿಲ್ಲ.”